ಹೆಂಗಸರ ಕೋಣೆಯ ಹರಿದ ಟಿಕೀಟು

ಚೆನ್ನಾಗಿ ಮಾತಾಡುವವರನ್ನು ನಂಬಬೇಡಿ. ರೈಲ್ವೆ ಠಾಣೆಯ ಹೆಂಗಸರ ಕೋಣೆಗೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದು. ಅತ್ತು ಕೇಳುವವರನ್ನೂ ನಂಬಬೇಡಿ. ಮಾತಾಡುತ್ತಿದ್ದವರು ಒಮ್ಮೆಲೇ ಸುಮ್ಮನಾದರೆ ಅವರನ್ನಂತೂ ನಂಬಲೇಬೇಡಿ ಎಂದು ಮೊದಲು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಏಕೆ ಎಂಬುದನ್ನು ಬರೆಯಲಿಕ್ಕೇ ಕೂತಿದ್ದೇನೆ.

ನನ್ನ ಹೆಸರು ಸಂಗವ್ವ. ಬಾಗಲಕೋಟೆ, ಬಾದಾಮಿ ಸೀಮೆಯ ಒಂದು ಹಳೆಯ ಠಾಣೆಯಲ್ಲಿ ಕೂದಲು ಹಣ್ಣಾಗುವವರೆಗೆ ಕೆಲಸ ಮಾಡಿದೆ. ಠಾಣೆಯ ಹೆಸರು ಬರೆಯುವುದಿಲ್ಲ. ಅಲ್ಲಿದ್ದವರು ಇನ್ನೂ ಬದುಕಿದ್ದಾರೆ, ಅವರಿಗೆ ಮಕ್ಕಳಿದ್ದಾರೆ, ಮಕ್ಕಳ ಕೈಯಲ್ಲಿ ಫೋನುಗಳಿವೆ.

ಇಂಗ್ರೇಜಿಯವರು ಕಟ್ಟಿಸಿದ ಠಾಣೆ. ಕೆಂಪು ಕಲ್ಲಿನ ಗೋಡೆ, ಎರಡು ಮೊಳ ದಪ್ಪ. ಬೇಸಿಗೆಯಲ್ಲೂ ಒಳಗೆ ತಂಪು. ಈಗ ನೋಡಲು ಬರುವವರು ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗೋಡೆಯನ್ನು ವರ್ಷಕ್ಕೆರಡು ಸಲ ತೊಳೆದವರಿಗೆ ಅದು ಅಷ್ಟು ಚೆಂದ ಕಾಣುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಒಂದು ಮೊಳದ ಹಳಿಯ ತುಂಡು ತೂಗುಬಿಟ್ಟಿದ್ದರು. ಗಾಡಿ ಹಿಂದಿನ ಠಾಣೆ ಬಿಟ್ಟಿತೆಂದು ಅದನ್ನು ಬಡಿಯುತ್ತಿದ್ದರು. ಅದೇ ಗಂಟೆ.

ನನಗೆ ಕೆಲಸ ಸಿಕ್ಕಿದ್ದು ಗಂಡ ಸತ್ತದ್ದಕ್ಕೆ. ಅವನು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ಜ್ವರ ಬಂದು ಸತ್ತ ಎಂದು ಬರೆಸಿದೆವು. ಕುಡಿಯುತ್ತಿದ್ದ ಎಂದು ಬರೆಸಲಿಲ್ಲ. ಕಚೇರಿಯಲ್ಲಿ ಗುಮಾಸ್ತ ಕೇಳಿದ, "ಎಷ್ಟ ಓದೀಯವ್ವ?" ನಾನು ಬಾಯಿ ತೆಗೆಯುವ ಮೊದಲೇ ನನ್ನ ತಮ್ಮ, "ನಾಕನೇತ್ತ ಮುಗಿಸ್ಯಾಳ್ರಿ" ಎಂದುಬಿಟ್ಟ. ನಾನು ಸಾಲಿಗೆ ಹೋದದ್ದು ಒಂದು ಮಳೆಗಾಲ. ಅಕ್ಷರ ಕಲಿಯುವ ಮೊದಲೇ ಕಳೆ ಕೀಳಲು ಕರೆದುಕೊಂಡು ಹೋದರು. ಗುಮಾಸ್ತ ನಾಲ್ಕನೇ ಇಯತ್ತೆ ಎಂದು ಬರೆದುಕೊಂಡ. ಹೊರಗೆ ಬಂದು ತಮ್ಮನನ್ನು ಬೈದೆ.

"ಖರೆ ಹೇಳಿದ್ರ ಕೆಲಸ ಕೊಡ್ತಿದ್ರೇನ? ಸಹಿ ಮಾಡೂದ ಕಲಿ, ಸಾಕು. ಯಾರ ಕೇಳ್ತಾರ ಮುಂದ?" ಎಂದ ಅವನು.

ಒಂದು ವಾರ ಕೂಡಿಸಿ ಸಹಿ ಕಲಿಸಿದ. ಆ ಮೂರಕ್ಷರ ಬರೆದು ಸಂಬಳ ತೆಗೆದುಕೊಂಡೆ. ಯಾರೂ ಕೇಳಲಿಲ್ಲ ಎಂಬುದು ಖರೆ. ಆದರೆ ಯಾರಾದರೂ ಕೇಳುತ್ತಾರೆ ಎಂದು ನಾನು ದಿನಾ ಕಾದೆ. ಅನುಮಾನ ಎನ್ನುವುದು ನನ್ನ ಹುಟ್ಟುಗುಣ ಎಂದು ಜನ ತಿಳಿದಿದ್ದರು. ಅದು ಆ ಕಚೇರಿಯಿಂದ ಹೊರಬಿದ್ದ ದಿನ ಶುರುವಾದದ್ದು. ನಾನೇ ಒಂದು ಸುಳ್ಳು ಹೊತ್ತಿದ್ದೆ; ಹಾಗಾಗಿ ಎಲ್ಲರ ತಲೆಯ ಮೇಲೂ ಒಂದೊಂದು ಇರುತ್ತದೆ ಎಂದುಕೊಂಡೆ.

ಕೆಲಸಕ್ಕೆ ಕಾಗದದಲ್ಲಿ ಏನೋ ಇಂಗ್ಲಿಷ್ ಹೆಸರಿತ್ತು. ಜನ ಆಯಾ ಎನ್ನುತ್ತಿದ್ದರು. ಕೋಣೆ ಗುಡಿಸುವುದು, ಪಾಯಿಖಾನೆ ತೊಳೆಯುವುದು, ಹರವಿಗೆ ನೀರು ತುಂಬುವುದು, ಗಂಡಸರು ಒಳಗೆ ಬಾರದಂತೆ ಬಾಗಿಲಲ್ಲಿ ಕೂಡುವುದು. ಸಾಮಾನು ಕಾಯುವುದು ನನ್ನ ಕೆಲಸವಲ್ಲ. ಆದರೆ ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತು ಬಂದವಳು ನಲ್ಲಿಗೆ ಹೋಗಬೇಕೆಂದರೆ ಏನು ಮಾಡಬೇಕು? "ಯಕ್ಕಾ, ಒಂದೀಟ ನೋಡ್ಕೊ" ಎಂದು ನನ್ನ ಮುಂದೆ ಇಳಿಸಿ ಹೋಗುತ್ತಿದ್ದಳು.

ಆಗ ಇದ್ದದ್ದು ಒಂದೇ ಹಳಿ. ಎದುರಿನ ಗಾಡಿ ಬಂದು ದಾಟುವವರೆಗೆ ಈ ಗಾಡಿ ನಿಲ್ಲಬೇಕು. ಅದು ತಡವಾದರೆ ಇದೂ ತಡ. ಹುನಗುಂದ, ಇಳಕಲ್ಲಿನವರಿಗೆ ಊರಲ್ಲಿ ರೈಲು ಇಲ್ಲ. ಬಸ್ಸಿನಲ್ಲಿ ಬಂದು ಇಳಿದು ಅರ್ಧ ದಿನ ನನ್ನ ಕೋಣೆಯಲ್ಲೇ ಕಳೆಯುತ್ತಿದ್ದರು. ರೊಟ್ಟಿ ಬಿಚ್ಚುವರು, ಸೊಸೆಯನ್ನು ಬೈಯುವರು, ಮಲಗುವರು. ನಾನು ಅವರ ಮುಖ ನೋಡುತ್ತಿರಲಿಲ್ಲ. ಮುಖ ಸುಳ್ಳು ಹೇಳಲು ಕಲಿತಿರುತ್ತದೆ. ಕಾಲು ನೋಡುತ್ತಿದ್ದೆ. ದೊಡ್ಡ ದರ್ಜೆಯ ಟಿಕೀಟು ಐತಿ ಎಂದವಳ ಹಿಮ್ಮಡಿಯಲ್ಲಿ ಎರೆಮಣ್ಣು ಕಂಡರೆ ತೋರಿಸು ಎನ್ನುತ್ತಿದ್ದೆ. ನಾಲ್ಕು ಸಲದಲ್ಲಿ ಮೂರು ಸಲ ನನ್ನ ಲೆಕ್ಕ ಸರಿ. ನಾಲ್ಕನೆಯ ಸಲ ಬೈಸಿಕೊಳ್ಳುತ್ತಿದ್ದೆ. ಬೈಗುಳದಿಂದ ಯಾರೂ ಸತ್ತಿಲ್ಲ.

ಸೇರಿದ ಹೊಸತರಲ್ಲೇ ಒಂದು ಏಟು ತಿಂದೆ. ಬೇವೂರಿನ ಒಬ್ಬ ಮುದುಕಿ ನೀಲಿ ಟ್ರಂಕು ಇಟ್ಟು ಕೈಕಾಲು ತೊಳೆಯಲು ಹೋದಳು. ಮೊಮ್ಮಗಳ ಮದುವೆಯ ಬಟ್ಟೆ ಅದರಲ್ಲಿ. ಅವಳು ಅತ್ತ ಹೋಗುತ್ತಲೇ ರೇಶಿಮೆ ಸೀರೆಯ ಒಬ್ಬಳು ಒಳಗೆ ಬಂದು, "ಆಯಾ, ನಮ್ಮ ಅತ್ತೀದು ಆ ನೀಲಿ ಟ್ರಂಕ. ಪಾಪ, ನೀರಿನ ಕಡೆ ಹೋಗ್ಯಾರ. ಗಾಡಿ ಬಂತು, ಅವರನ್ನ ಹಂಗ ಹತ್ತಸ್ತೇನಿ" ಎಂದಳು. ನನಗೆ ಪಾಪ ಎಂದ ಮಾತು ಹಿಡಿಸಿತು. ಅತ್ತೆಗೆ ಪಾಪ ಎನ್ನುವ ಸೊಸೆ ಎಲ್ಲಿಯಾದರೂ ಇದ್ದಾಳೆಯೇ ಎಂದು ಆಗಲೇ ಅನುಮಾನ ಬರಬೇಕಿತ್ತು. ನಾನೇ ಎತ್ತಿಕೊಟ್ಟೆ. ಮುದುಕಿ ಬಂದು ಕೇಳಿದಾಗ ಗಾಡಿ ಹೋಗಿತ್ತು, ಟ್ರಂಕೂ ಹೋಗಿತ್ತು.

ಎರಡು ದಿನದ ಮೇಲೆ ನನ್ನ ಕೈಗೆ ಒಂದು ಕಾಗದ ಕೊಟ್ಟು ಸಹಿ ಮಾಡಿಸಿಕೊಂಡರು. ಅದರಲ್ಲೇನು ಬರೆದಿದೆಯೋ. ಕೆಲಸ ಹೋಯಿತೋ, ಇದೆಯೋ. ಕುಪ್ಪಸದಲ್ಲಿ ಇಟ್ಟುಕೊಂಡು ಒಂದಿಡೀ ದಿನ ಗುಡಿಸಿದೆ. ಕೊನೆಗೆ ಚಹಾ ಮಾರುವವನ ಹತ್ತಿರ ಹೋಗಿ, "ನನ್ನ ಚಾಳೀಸ ಮನ್ಯಾಗ ಮರತ ಬಂದೀನಿ. ಏನ ಬರದಾರ ನೋಡು" ಎಂದೆ. ಅವನು ಓದಿದ: ಇದೊಂದು ಸಲ ಬಿಟ್ಟಿದ್ದೇವೆ, ಇನ್ನೊಮ್ಮೆ ಹೀಗಾದರೆ ಮನೆಗೆ ಕಳಿಸುತ್ತೇವೆ. ನನ್ನ ಹತ್ತಿರ ಚಾಳೀಸು, ಅಂದರೆ ಕನ್ನಡಕ, ಎಂದೂ ಇರಲಿಲ್ಲ. ಆದರೆ ಈ ಮಾತು ಚೆನ್ನಾಗಿ ಕೆಲಸ ಮಾಡಿತು. ಅಂದಿನಿಂದ ಕಾಗದ ಬಂದಾಗಲೆಲ್ಲ ನನ್ನ ಚಾಳೀಸು ಮನೆಯಲ್ಲೇ ಇರುತ್ತಿತ್ತು.

ಇನ್ನು ಸಾಮಾನು ಯಾರದೆಂದು ಗುರುತಿಸುವುದು ಹೇಗೆ? ಬೇರೆ ಠಾಣೆಗಳಲ್ಲಿ ಚೀಟಿ ಬರೆದು ನಂಬರು ಹಾಕುತ್ತಾರಂತೆ. ನನಗೆ ನಂಬರು ಬಾರದು. ಆಗ ರಟ್ಟಿನ ಟಿಕೀಟುಗಳಿದ್ದವು, ಎರಡು ಬೆರಳಿನಷ್ಟು ಅಗಲ. ಯಾರನ್ನೋ ಕಳಿಸಲು ಬಂದವರು ಪ್ಲಾಟ್‌ಫಾರಂ ಟಿಕೀಟನ್ನು ಬಾಗಿಲಲ್ಲೇ ಬಿಸಾಡಿ ಹೋಗುತ್ತಿದ್ದರು. ಅವನ್ನು ಗುಡಿಸುವಾಗ ಆರಿಸಿಕೊಳ್ಳುತ್ತಿದ್ದೆ. ಸಾಮಾನು ಇಟ್ಟವರ ಎದುರಿಗೇ ಒಂದನ್ನು ಹರಿದು, ಒಂದು ಚೂರನ್ನು ದಾರದಿಂದ ಗಂಟಿಗೆ ಕಟ್ಟಿ, ಇನ್ನೊಂದನ್ನು ಅವರ ಕೈಗೆ ಕೊಡುತ್ತಿದ್ದೆ. ಬಟ್ಟೆ ಹರಿದರೆ ನೂಲಿನಗುಂಟ ನೆಟ್ಟಗೆ ಹರಿಯುತ್ತದೆ, ಯಾವುದಕ್ಕೂ ಯಾವುದೂ ಕೂಡುತ್ತದೆ. ರಟ್ಟು ಹಾಗಲ್ಲ. ಒಂದು ಸಲ ಹರಿದ ಹಾಗೆ ಇನ್ನೊಂದು ಸಲ ಹರಿಯದು. ಎರಡು ಚೂರು ಕೂಡಿದರೆ ಸಾಮಾನು ಕೊಡು, ಕೂಡದಿದ್ದರೆ ಕೊಡಬೇಡ. ಇದಕ್ಕೆ ಸಾಲಿ ಬೇಕಿಲ್ಲ.

ಬಹಳ ವರ್ಷ ಒಂದು ಗಂಟೂ ತಪ್ಪಲಿಲ್ಲ. ದೇಸಾಯಿ ಮಾಸ್ತರರು ಎಂಬ ಸ್ಟೇಷನ್ ಮಾಸ್ತರರು ಬಂದರು. ಒಳ್ಳೆಯವರು. ಒಳ್ಳೆಯ ಮೇಲಧಿಕಾರಿಗಳ ಬಗ್ಗೆ ಹುಷಾರಾಗಿರಿ. ಕೆಟ್ಟವರು ನಿಮ್ಮನ್ನು ನೋಡುವುದಿಲ್ಲ, ಒಳ್ಳೆಯವರು ನೋಡುತ್ತಾರೆ. ಅವರು ಒಂದು ತಿಂಗಳಲ್ಲಿ ನನ್ನ ಚಾಳೀಸಿನ ವಿಷಯ ಹಿಡಿದರು.

"ಸಂಗವ್ವ, ದಿನಾ ಹೆಂಗ ಮರೀತೀ? ಚಾಳೀಸ ಒಡದಿರಬೇಕು. ಠಾಣೆಕ್ಕ ಕಣ್ಣಿನ ಡಾಕ್ಟರ್ ಬರಾಕತ್ತಾರ. ತೋರಸ್ಕೊ, ಹೊಸಾದ ಬರಸೂಣು" ಎಂದರು. ಬೇಡವೆಂದರೂ ಬಿಡಲಿಲ್ಲ. ತಾವೇ ಕರೆದುಕೊಂಡು ಹೋಗಿ ನನ್ನ ಹಿಂದೆ ನಿಂತರು.

ಡಾಕ್ಟರು ಕೇಳಿದರು, "ಓದಾಕ ಬರತೈತೇನವ್ವಾ? ಇಲ್ಲಂದ್ರ ಗೆರಿ ಬರದ ಹಲಗಿ ಐತಿ, ಗೆರಿ ಯಾ ಕಡೆ ಅಂತ ಕೈಲೆ ತೋರಸು."

ಹಿಂದೆ ಮಾಸ್ತರರು. "ಬರತೈತ್ರಿ" ಎಂದೆ.

ಅಕ್ಷರದ ಹಲಗೆಯನ್ನೇ ಹಾಕಿದರು. ನನಗಿಂತ ಮುಂದಿದ್ದ ಇಬ್ಬರು ಅದನ್ನು ಮೇಲಿಂದ ಕೆಳಗೆ ಒದರಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದ್ದೆ. ಬೀಸುವ ಹಾಡು ಒಂದು ಸಲ ಕೇಳಿದರೆ ನಮಗೆ ಬರುತ್ತದೆ, ಇದೇನು ದೊಡ್ಡದು? ಮೇಲಿಂದ ಕೆಳಗೆ ಒಂದೂ ತಪ್ಪದೆ ಒದರಿದೆ. ತೀರ ಸಣ್ಣ ಸಾಲನ್ನೂ ಬಿಡಲಿಲ್ಲ.

ಡಾಕ್ಟರು ನಕ್ಕರು. "ಮಾಸ್ತರ, ಈಕಿ ಕಣ್ಣ ಹದ್ದಿನ ಕಣ್ಣ. ಚಾಳೀಸ ಯಾಕ?"

ಹಾಗೆ ನನ್ನ ಕಣ್ಣು ಒಳ್ಳೆಯವೆಂದು ಇಡೀ ಠಾಣೆಗೆ ಗೊತ್ತಾಯಿತು. ನಾನು ಗೆದ್ದೆ ಎಂದುಕೊಂಡು ಬಂದೆ. ನಿಜವಾಗಿ, ಇದ್ದ ಒಂದೇ ನೆಪವನ್ನು ನನ್ನ ಬಾಯಿಂದಲೇ ಕಳೆದುಕೊಂಡಿದ್ದೆ. ಅದು ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ.

ಒಂದು ಮುಂಜಾನೆ ಇಳಕಲ್ಲಿನ ಮೊದಲ ಬಸ್ಸಿನಿಂದ ಒಂದು ಹುಡುಗಿ ಬಂತು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಒಬ್ಬಳೇ. ನೇಕಾರರ ಮನೆಯವಳು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕೂತಿತ್ತು. ಕಪ್ಪು ಬ್ಯಾಗು ಇಟ್ಟು, ಚೂರು ಇಸಿದುಕೊಂಡು, ಚಹಾ ಕುಡಿಯಲು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಗದಗಿನ ಕಡೆಯ ಗಾಡಿ ಬಂದು ನಿಂತಿತು. ಅಂದು ಎದುರಿನ ಗಾಡಿ ಮೊದಲೇ ದಾಟಿತ್ತು. ಇದು ಬಹಳ ನಿಲ್ಲುವಂತಿರಲಿಲ್ಲ. ಹುಡುಗಿ ಓಡಿ ಬಂದಳು.

"ಅಕ್ಕಾರ, ಬ್ಯಾಗ ಕೊಡ್ರಿ, ಗಾಡಿ ಬಂತು."

"ಚೂರ ಎಲ್ಲಿ?"

ಕೈವಸ್ತ್ರ ಬಿಚ್ಚಿ ಕೊಡವಿದಳು. ಕೈಚೀಲ ತಲೆಕೆಳಗು ಮಾಡಿದಳು. ಇಲ್ಲ.

"ಎಲ್ಲೋ ಬಿದ್ದೈತ್ರಿ. ಚಾ ಅಂಗಡ್ಯಾಗ ಬಿದ್ದಿರಬೇಕು. ನಾ ಬ್ಯಾಗ ಇಟ್ಟಿದ್ದ ನೀವ ನೋಡೀರೆಲ್ಲ?"

"ನಾ ದಿನಾ ನೂರ ಮಂದೀನ ನೋಡ್ತೇನಿ ತಂಗಿ. ಚೂರ ತಗೊಂಡ ಬಾ, ಬ್ಯಾಗ ಒಯ್ಯಿ."

"ಇವತ್ತ ಮಧ್ಯಾಹ್ನ ಧಾರವಾಡದಾಗ ಅಸಲ ಕಾಗದ ತೋರಸಬೇಕ್ರಿ. ಸರಕಾರಿ ಸಾಲಿ ಟೀಚರ್ ಕೆಲಸ. ಹೊತ್ತಿಗೆ ಹೋಗಲಿಲ್ಲಂದ್ರ ನನ್ನ ಬಿಟ್ಟ ಮುಂದಿನವರಿಗೆ ಕೊಡ್ತಾರ. ಕಾಗದ ಎಲ್ಲಾ ಅದರಾಗ ಅದಾವು."

"ಎಲ್ಲಾರೂ ಏನರೆ ಒಂದ ತೋರಸಾಕ ಹೊಂಟಿರ್ತಾರ."

ನನಗೆ ರೇಶಿಮೆ ಸೀರೆಯವಳು ಕಣ್ಣ ಮುಂದೆ ಇದ್ದಳು. ಅವಳೂ ಹೀಗೇ ಅವಸರದಲ್ಲಿದ್ದಳು. ಅವಸರ ಮಾಡುವವರ ಹತ್ತಿರ ನಿಧಾನ ಮಾಡು ಎಂಬುದು ನಾನು ಕಲಿತ ಪಾಠ.

ಹುಡುಗಿ ಅಳಲಿಲ್ಲ. "ಬ್ಯಾಗ ತಗೀರಿ. ಮ್ಯಾಲೇ ಫೈಲ ಐತಿ. ನನ್ನ ಹೆಸರ ಸುಜಾತಾ. ಕಾಗದದಾಗ ಅದ ಹೆಸರ ಐತಿಲ್ಲೋ ಓದಿ ನೋಡ್ರಿ. ಇಲ್ಲಂದ್ರ ಪೋಲೀಸರಿಗೆ ಕೊಡ್ರಿ ನನ್ನ" ಎಂದಳು.

ಇದು ನ್ಯಾಯದ ಮಾತು. ಕೋಣೆಯಲ್ಲಿದ್ದ ಏಳೆಂಟು ಹೆಂಗಸರು ನನ್ನ ಕಡೆ ತಿರುಗಿದರು. ಒಬ್ಬ ಅಜ್ಜಿ, "ಓದವಾ ಆಯಾ, ಪಾಪ ಹುಡಿಗಿ ಗಾಡಿ ತಪ್ಪತೈತಿ" ಎಂದಳು. ಚಾಳೀಸಿಲ್ಲ ಎನ್ನುವಂತಿಲ್ಲ, ಹದ್ದಿನ ಕಣ್ಣು ಎಂದು ಊರಿಗೇ ಗೊತ್ತು. ನಾನು ಬ್ಯಾಗು ತೆಗೆದು, ಫೈಲಿನಿಂದ ಒಂದು ಕಾಗದ ಎಳೆದೆ. ಮೇಲಿಂದ ಕೆಳಗಿನವರೆಗೆ ಸಣ್ಣ ಸಣ್ಣ ಅಕ್ಷರ, ಇರುವೆ ಸಾಲು. ಸಾಲಿನ ಮೇಲೆ ಬೆರಳು ಆಡಿಸಿದೆ.

"ಮಾಸ್ತರ ಕಡೆ ಹೋಗೂಣ ನಡೀರಿ" ಎಂದಳು ಹುಡುಗಿ.

"ಮಾಸ್ತರ ಹಸರ ನಿಶಾನಿ ಹಿಡದ ನಿಂತಾರ. ಕಾಣಸಂಗಿಲ್ಲೇನು?"

ಮಾಸ್ತರರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ನಾನು ಬಾಗಿಲಿಗೆ ಬಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಮಾಸ್ತರರು ಬಂದು ಕಾಗದ ನೋಡಿ, ಇಷ್ಟು ಓದಲು ನನ್ನನ್ನೇಕೆ ಕರೆದೆ ಎಂದು ಕೇಳಿದರೆ? ಬೆರಳನ್ನು ಒಂದು ಕಡೆ ನಿಲ್ಲಿಸಿ ಹೇಳಿದೆ:

"ಸುಜಾತಾ ಅಂತ ಹೆಸರ ಐತಿ ಇಲ್ಲಿ. ಆದರ ಆ ಸುಜಾತಾ ನೀನ ಅಂತ ಹೆಂಗ ನಂಬಲಿ?"

ಹುಡುಗಿ ನನ್ನ ಬೆರಳು ನೋಡಿದಳು. ಕಾಗದ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆಗೆದಿದ್ದವಳು ಮುಚ್ಚಿಬಿಟ್ಟಳು. ಅಷ್ಟರಲ್ಲಿ ಗಾಡಿ ಸೀಟಿ ಹೊಡೆದು ಕದಲಿತು. ಅವಳು ಬಾಗಿಲಿಗೂ ಓಡಲಿಲ್ಲ. ಬೆಂಚಿನ ಮೇಲೆ ಕೂತಳು.

ಸಿಕ್ಕಿಬಿದ್ದ ಕಳ್ಳರು ಹೀಗೇ ಸುಮ್ಮನಾಗುತ್ತಾರೆ ಎಂದುಕೊಂಡೆ. ನನ್ನ ಎದೆ ಹಗುರಾಯಿತು. ಅಂಥ ನಾಚಿಕೆಗೇಡಿನ ಮಾತನ್ನೂ ಬರೆಯಬೇಕು, ಬರೆಯುತ್ತಿದ್ದೇನೆ.

ಗಾಡಿ ಬಿಟ್ಟು ಮಾಸ್ತರರು ಬಂದರು. ಫೈಲು ನೋಡಿದರು, ಹುಡುಗಿಯಿಂದ ಒಂದು ಹಾಳೆಯ ಮೇಲೆ ಸಹಿ ಮಾಡಿಸಿದರು. ಎರಡು ಸಹಿ ಕೂಡಿದವು.

"ಎಷ್ಟ ದೊಡ್ಡದಾಗಿ ಹೆಸರ ಬರದಾರ. ಓದಿ ಕೊಟ್ಟ ಕಳಸಾಕ ಏನಾಗಿತ್ತ ಸಂಗವ್ವ?"

"ಚೂರ ಇರಲಿಲ್ರಿ."

"ಚೂರಿಗೆ ಬೆಂಕಿ ಹಚ್ಚು." ಹುಡುಗಿಯ ಕಡೆ ತಿರುಗಿದರು. "ನೀವರೆ ಒಂದ ಒದರಬಾರದೇನ್ರಿ? ಏನ ನಡೀತ ಇಲ್ಲಿ, ಹೇಳ್ರಿ."

ಹುಡುಗಿ ಮತ್ತೊಮ್ಮೆ ನನ್ನ ಮುಖ ನೋಡಿದಳು. "ಚೂರ ಕಳದಿದ್ದು ನನ್ನ ತಪ್ಪ್ರಿ" ಎಂದಳು. ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು.

ನಾನು ದೂರು ಬರುತ್ತದೆಂದು ಕಾದೆ. ಒಂದು ತಿಂಗಳು, ಆರು ತಿಂಗಳು. ಟಪಾಲು ಬಂದ ದಿನ ಮಾಸ್ತರರ ಬಾಗಿಲ ಮುಂದೆ ಎರಡೆರಡು ಸಲ ಗುಡಿಸುತ್ತಿದ್ದೆ. ಬರಲಿಲ್ಲ. ಆಗ ನನ್ನ ಬುದ್ಧಿ ಏನು ಹೇಳಿತು ಗೊತ್ತೇ? ತಪ್ಪಿಲ್ಲದವಳು ದೂರು ಕೊಡದೆ ಬಿಡುತ್ತಾಳೆಯೆ? ಆ ಕಾಗದಗಳೇ ಖೊಟ್ಟಿ, ನಕಲಿ ಇರಬೇಕು. ಇಲ್ಲವಾದರೆ ಬಸ್ಸಿಗೆ ಹೋಗಿ ಮುಟ್ಟಿರಬೇಕು, ಕೆಲಸ ಸಿಕ್ಕಿರಬೇಕು. ದಿನಕ್ಕೊಂದು ನಂಬಿದೆ. ಇಳಕಲ್ಲಿನ ಹೆಂಗಸರು ದಿನಾ ಬರುತ್ತಿದ್ದರು, ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ಉತ್ತರ ಬೇಡವಾದವರು ಪ್ರಶ್ನೆ ಕೇಳುವುದಿಲ್ಲ.

ಆದರೆ ಒಂದು ತೀರ್ಮಾನ ಮಾಡಿದೆ: ಇನ್ನೊಮ್ಮೆ ಹೀಗೆ ಸಿಕ್ಕಿಬೀಳಬಾರದು. ಇದನ್ನು ಯಾರೂ ಪಶ್ಚಾತ್ತಾಪ ಎಂದು ಓದಬೇಡಿ, ಹೆದರಿಕೆ ಅದು. ಮೊದಲು ಹಳದಿ ಹಲಗೆಯ ಮೇಲಿನ ಠಾಣೆಯ ಹೆಸರು ಹಿಡಿದೆ. ಊರ ಹೆಸರು ಬಾಯಿಗೆ ಗೊತ್ತಿತ್ತು, ಅದನ್ನು ಒಂದೊಂದೇ ಅಕ್ಷರದ ಮೇಲೆ ಕೂಡಿಸಿದೆ. ಆಮೇಲೆ ಬಹಳ ವರ್ಷ ಅಲ್ಲೇ ನಿಂತೆ. ಯಾರನ್ನು ಕೇಳುವುದು? ಕೇಳಿದರೆ ಗೊತ್ತಾಗುತ್ತದೆ.

ಈ ನಡುವೆ ಠಾಣೆ ಬದಲಾಯಿತು. ಸಣ್ಣ ಹಳಿ ಹೋಗಿ ದೊಡ್ಡ ಹಳಿ ಮೊದಲೇ ಬಂದಿತ್ತು. ರಟ್ಟಿನ ಟಿಕೀಟು ಹೋಗಿ ಕಾಗದದ್ದು ಬಂತು, ಈಗ ಅದೂ ಫೋನಿನೊಳಗೆ. ನಾನು ಔಷಧದ ಡಬ್ಬಿಯ ರಟ್ಟು ಹರಿಯತೊಡಗಿದೆ. ಎರಡನೆಯ ಹಳಿ ಹಾಕಿದರು, ಮೇಲೆ ಕರೆಂಟಿನ ತಂತಿ ಎಳೆದರು. ಈಗ ಗಾಡಿ ಗಾಡಿಗಾಗಿ ಕಾಯುವುದಿಲ್ಲ, ಬಂದದ್ದೇ ಹೋಗುತ್ತದೆ. ಅರ್ಧ ದಿನ ಕೂಡುವ ಹೆಂಗಸರು ಇಲ್ಲ. ಬಂದವರು ಗೋಡೆಗೆ ಫೋನು ಚುಚ್ಚಿ, "ಆಯಾ, ನೋಡ್ಕೊ" ಎಂದು ಹೋಗುತ್ತಾರೆ. ಫೋನಿಗೂ ಚೂರು ಕೊಟ್ಟೆ. ಬಾದಾಮಿ, ಪಟ್ಟದಕಲ್ಲು ನೋಡಲು ಹೊರಟ ದೂರದ ಹುಡುಗಿಯರು ಚೂರು ಹಿಡಿದು ನಗುತ್ತಿದ್ದರು. ನಗಲಿ, ಫೋನು ಸಿಕ್ಕಿತಲ್ಲ. ಮೂಲೆಯಲ್ಲಿ ಕ್ಯಾಮೆರಾ ಹಾಕಿದರು. "ಇನ್ನ ನೀ ಕಾಯೂದ ಬ್ಯಾಡ" ಎಂದ ಅದನ್ನು ಹಾಕಿದವನು. ಕ್ಯಾಮೆರಾ ಕಳವನ್ನು ನೋಡುತ್ತದೆ, ಕಳ್ಳನನ್ನು ತಡೆಯುವುದಿಲ್ಲ.

ಗಂಟೆಯ ಹಳಿ ತುಂಡನ್ನು ಇಳಿಸಿ, ಮಾತಾಡುವ ಯಂತ್ರ ಇಟ್ಟರು. ನನ್ನ ಬಾಗಿಲ ಎದುರಿಗೆ ಕೆಂಪು ಅಕ್ಷರ ಓಡುವ ಹಲಗೆ ತೂಗುಹಾಕಿದರು. ಯಂತ್ರ ಏನು ಒದರುತ್ತದೋ ಹಲಗೆಯ ಮೇಲೆ ಅದೇ ಬರುತ್ತದೆ. ಹಿಂದಿ, ಇಂಗ್ಲಿಷ್ ಹೋಗಿ ಕನ್ನಡದ ಪಾಳಿ ಬರುವವರೆಗೆ ಕಾದು ಕೂಡುತ್ತಿದ್ದೆ. ಬಾಯಿ ಗದಗ ಎಂದಾಗ ಕಣ್ಣಿಗೆ ಗದಗ. ವಿಜಯಪುರ ಎಂದಾಗ ವಿಜಯಪುರ. ಹುಬ್ಬಳ್ಳಿಯ ಒತ್ತಕ್ಷರ ಬಹಳ ಕಾಡಿತು. ದಿನಕ್ಕೆ ಹತ್ತು ಸಲ ಅದೇ ಪಾಠ. ಬೈಯುವ ಮಾಸ್ತರ ಇಲ್ಲ, ಯಾರಿಗೂ ಗೊತ್ತಾಗುವಂತಿಲ್ಲ. ಎರಡು ವರ್ಷದಲ್ಲಿ ಗೋಡೆಯ ಮೇಲಿನ ಜಾಹೀರಾತು ಓದಿದೆ. ಆಮೇಲೆ ನನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಬಹಳ ಹೆದರಿದ್ದ ಕೆಲವು ಕಾಗದಗಳಲ್ಲಿ ಹಬ್ಬದ ರಜೆ ಬರೆದಿದ್ದರು.

ನನ್ನ ಕೆಲಸಕ್ಕೆ ಕೊನೆಯ ಎರಡು ವರ್ಷ ಉಳಿದಾಗ ಪ್ಲಾಟ್‌ಫಾರಂ ಮೇಲೆ, ನನ್ನ ಬಾಗಿಲಿಗೆ ಎದುರಾಗಿ, ಈ ಕಡೆಯ ಊರಿನ ಸರಕು ಮಾರುವ ಸಣ್ಣ ಅಂಗಡಿ ತೆರೆದರು. ಇಳಕಲ್ಲ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ. ಅಂ​ಗಡಿ ನಡೆಸಲು ಬಂದವಳು ನಲವತ್ತು ದಾಟಿದ ಹೆಂಗಸು. ಚಪ್ಪಲಿ ಕಳಚಿ ಒಳಗೆ ಹತ್ತುವಾಗ ಕಾಲು ನೋಡಿದೆ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ.

ಸೀರೆ ಮಾರುತ್ತಿದ್ದಾಳೆ ಎಂದಮೇಲೆ ಟೀಚರ್ ಆಗಿಲ್ಲ. ಆ ದಿನ ಬಸ್ಸು ಹೊತ್ತಿಗೆ ಮುಟ್ಟಿಲ್ಲ. ಅಷ್ಟು ಅಂದೇ ತಿಳಿಯಿತು.

ಅವಳು ನನ್ನ ಕಡೆ ನೋಡಿ, "ಆಯಾರ, ಆರಾಮೇನ್ರಿ?" ಎಂದಳು. ಗುರುತು ಸಿಕ್ಕಿದೆ ಎಂದಾಗಲಿ ಇಲ್ಲ ಎಂದಾಗಲಿ ಮುಖದಲ್ಲಿಲ್ಲ. ನಾನು ಹೂಂ ಎಂದು ಒಳಗೆ ಹೋದೆ. ಇಷ್ಟು ಠಾಣೆಗಳಿರುವಾಗ ಇಲ್ಲಿಗೇ ಏಕೆ ಬಂದಳು? ನಾನು ಬಿಡುವ ಹೊತ್ತಿಗೆ ಏನಾದರೂ ಬರೆದು ಕೊಟ್ಟರೆ ಪಿಂಚಣಿಗೆ ಕಲ್ಲು ಬೀಳುತ್ತದೆ. ಎರಡು ವರ್ಷ ಅವಳ ಮೇಲೆ ಕಣ್ಣಿಟ್ಟೆ. ಯಾರ ಜೊತೆ ಮಾತಾಡುತ್ತಾಳೆ, ಮಾಸ್ತರರ ಕೋಣೆಗೆ ಏಕೆ ಹೋದಳು. ಅವಳು ಹೋದದ್ದು ಬಾಡಿಗೆಯ ಚೀಟಿಗೆ. ಊಟಕ್ಕೆ ಹೋಗುವಾಗಲೂ ಸೀರೆಯ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡೇ ಹೋಗುತ್ತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ನಾನು ಕೂತಿರುತ್ತಿದ್ದೆ. ಒಂದು ದಿನವೂ ನನ್ನ ಹತ್ತಿರ ಇಡಲಿಲ್ಲ.

ಅಂಗಡಿಯ ಮುಂದೆ ಒಂದು ಹಲಗೆ ಇಟ್ಟಿದ್ದಳು, ಸೀರೆಯ ಹೆಸರು, ಅಂಚಿನ ಹೆಸರು ಕೈಯಲ್ಲಿ ಬರೆದದ್ದು. ನನಗೆ ಅದನ್ನು ಓದಲು ಬಂತು. ದುಂಡಗೆ, ಬಿಡಿಬಿಡಿಯಾಗಿ, ಹೊಸದಾಗಿ ಕಲಿತ ನನ್ನಂಥವರಿಗೂ ತಡವರಿಸದೆ ಓದಲು ಬರುವಂಥ ಅಕ್ಷರ. ಸಾಲಿ ಕಲಿಸುವವರ ಅಕ್ಷರ. ಖೊಟ್ಟಿ ಕಾಗದ ಎಂಬ ನನ್ನ ಮಾತು ಅಂದು ಸತ್ತಿತು.

ನಾನು ಬಿಡುವ ದಿನ ಬಂತು. ಮುಂಜಾನೆ ಮಾಲೆ ಹಾಕಿದರು, ಪೇಡೆ ಹಂಚಿದರು, ಯಾರೋ ಮಾತಾಡಿದರು, ಚಹಾ ಮಧ್ಯಾಹ್ನದ ಮೇಲೆ ಎಂದರು. ಮಧ್ಯಾಹ್ನ ನನ್ನ ಬಾಗಿಲಲ್ಲಿ ಕೊನೆಯ ಸಲ ಕೂತಿದ್ದೆ. ಸುಜಾತಾ ಗಂಟು ಹೊತ್ತು ಎದುರಿಗೆ ಬಂದಳು.

"ಆಯಾರ, ದವಾಖಾನಿಗೆ ಹೋಗಿ ಬರಬೇಕು. ಈ ಗಂಟ ಒಂದ ತಾಸ ನೋಡ್ಕೋತೀರೇನು?"

ಎರಡು ವರ್ಷ ಇಡದವಳು ಇಂದೇ ಏಕೆ? ಗಂಟಿನಲ್ಲಿ ಒಂದು ಸೀರೆ ಕಡಿಮೆ ಬಿತ್ತೆಂದು ಸಂಜೆ ಒದರುವವಳೇನು? ಮೊದಲು ಅದೇ ಹೊಳೆಯಿತು. ಆಮೇಲೆ, ಇನ್ನು ಕಳೆದುಕೊಳ್ಳಲು ನಾಲ್ಕು ತಾಸಿನ ನೌಕರಿಯಷ್ಟೇ ಉಳಿದಿದೆ ಎಂದು ನೆನಪಾಯಿತು.

"ತಂಗಿ, ನನ್ನ ಗುರುತ ಹತ್ತೈತೇನು ನಿನಗ?"

"ಹತ್ತಲಾರದ ಏನ್ರಿ. ಬಂದ ದಿನಾನ ಹತ್ತೈತಿ."

"ಅವತ್ತ ಧಾರವಾಡಕ್ಕ ಮುಟ್ಟಿದೇನು?"

"ಮುಟ್ಟಿದೆ. ಬಾಗಲಾ ಹಾಕಿದ್ರು. ಮುಂದಿನ ಹೆಸರಿನಾಕಿಗೆ ಹೋತು."

"ನನಗ ಅವತ್ತ ಓದಾಕ ಬರತಿರಲಿಲ್ಲ" ಎಂದೆ. ಅಷ್ಟು ವರ್ಷ ಹೊತ್ತ ಮಾತು, ಹೊರಬೀಳಲು ಒಂದು ಉಸಿರೂ ಹಿಡಿಯಲಿಲ್ಲ.

"ಗೊತ್ತ್ರಿ" ಎಂದಳು.

"ಹೆಂಗ ಗೊತ್ತು?"

"ನೀವ ಹಿಡದಿದ್ದು ಮಾರ್ಕ್ಸ್ ಕಾರ್ಡಿನ ಹಿಂಬದಿ. ಅಲ್ಲಿ ಬರೇ ನಿಯಮಾ ಛಾಪಿಸಿರ್ತಾರ. ಹೆಸರ ಇರಂಗಿಲ್ಲ. ನೀವ ಅದರ ಮ್ಯಾಲ ಬೆರಳ ಇಟ್ಟ, ಸುಜಾತಾ ಅಂತ ಐತಿ ಇಲ್ಲಿ, ಅಂದ್ರಿ."

ಅವಳು ಅಂದು ನನ್ನ ಬೆರಳು ನೋಡಿದ್ದು, ಕಾಗದ ನೋಡಿದ್ದು, ಸುಮ್ಮನಾದದ್ದು ಕಣ್ಣಿಗೆ ಬಂತು.

"ಮತ್ತ ಮಾಸ್ತರ ಅಷ್ಟ ಕೇಳಿದ್ರು. ಯಾಕ ಹೇಳಲಿಲ್ಲ?"

"ಗಾಡಿ ಹೋಗಿತ್ತು. ನಂದಂತೂ ಹೋತು ಅಂತ ಅನಸಿತ್ತು. ಹೇಳಿದ್ರ ನಿಮ್ಮದೂ ಹೋಗತಿತ್ತು. ಒಂದ ದಿನಕ್ಕ ಎರಡ ನೌಕರಿ ಯಾಕ ಹೋಗಬೇಕ್ರಿ?" ಸೀರೆಯ ಗಂಟನ್ನು ಬೆಂಚಿನ ಮೇಲೆ ಇಳಿಸಿದಳು. "ನಿಮ್ಮನ್ನ ಬೈಲಿಲ್ಲಂತ ತಿಳೀಬ್ಯಾಡ್ರಿ. ಬಸ್ಸಿನ ತುಂಬ ಬೈಕೋಂತ ಹೋದೆ."

ಅದು ಕೇಳಿ ಸ್ವಲ್ಪ ಸಮಾಧಾನವಾಯಿತು. ಬೈಯದವರನ್ನು ನನಗೆ ನಂಬಲು ಆಗುವುದಿಲ್ಲ.

ಅವಳು ಹೊರಡಲು ತಿರುಗಿದಳು. "ನಿಲ್ಲು" ಎಂದೆ. ಪೆಟ್ಟಿಗೆಯಿಂದ ಔಷಧದ ರಟ್ಟು ತೆಗೆದು ಹರಿದು, ಒಂದು ಚೂರನ್ನು ಗಂಟಿಗೆ ಕಟ್ಟಿದೆ, ಇನ್ನೊಂದನ್ನು ಅವಳ ಮುಂದೆ ಹಿಡಿದೆ.

"ಇನ್ನೂ ನಂಬಿಗಿ ಇಲ್ಲೇನ್ರಿ ನನ್ನ ಮ್ಯಾಲ?" ಎಂದು ನಕ್ಕಳು.

"ಇಲ್ಲ. ಈ ಸಲ ಕಳೀಬ್ಯಾಡ."

ಒಂದು ತಾಸು ಎಂದವಳು ಎರಡು ತಾಸಿಗೆ ಬಂದಳು. ಅಷ್ಟು ಹೊತ್ತು ನಾನು ಆ ಗಂಟು ಬಿಟ್ಟು ಏಳಲಿಲ್ಲ. ನನ್ನದೇ ಬೀಳ್ಕೊಡುಗೆಯ ಚಹಾಕ್ಕೂ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಮುಷ್ಟಿ ಬಿಚ್ಚಿದಳು. ಬೆವರಿಗೆ ಮೆತ್ತಗಾಗಿತ್ತು ಚೂರು. ಗಂಟಿನ ಚೂರಿಗೆ ಹಚ್ಚಿ ನೋಡಿದೆ. ಒಂದು ಕಡೆ ರಟ್ಟಿನ ಎಳೆ ಎದ್ದಿತ್ತು, ಅದನ್ನು ಉಗುರಿನಿಂದ ಒತ್ತಿ ಮತ್ತೆ ನೋಡಿದೆ. ಕೂಡಿತು. ಕೊಟ್ಟೆ.